ಎಂಟೂ ಹತ್ತರ ಬಸ್ಸಿಗೆ ವಾರ್ನಿಶ್

ನನ್ನ ಕೈಯಲ್ಲಿ ಕಲೆ ಇದೆ ಎಂಬ ವಿಷಯ ನನಗೆ ಚಿಕ್ಕಂದಿನಿಂದಲೂ ಗೊತ್ತಿತ್ತು. ಉಳಿದವರಿಗೆ ಗೊತ್ತಾಗಲಿಲ್ಲ, ಅಷ್ಟೇ. ಮೂವತ್ತೊಂದು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಗಣಿತದ ಜೊತೆಗೆ ಕರಕುಶಲವನ್ನೂ ಕಲಿಸಿದವಳು ನಾನು. ಬೆಂಕಿಕಡ್ಡಿಯಲ್ಲಿ ಗುಡಿಸಲು, ತೆಂಗಿನ ಚಿಪ್ಪಿನಲ್ಲಿ ಆಮೆ, ಥರ್ಮಕೋಲಿನಲ್ಲಿ ಕವಲೇದುರ್ಗದ ಕೋಟೆ, ನಾನು ಮಾಡದ್ದೇ ಇಲ್ಲ. ಆ ಕೋಟೆಗೆ ತಾಲ್ಲೂಕು ಮಟ್ಟದಲ್ಲಿ ಎರಡನೇ ಬಹುಮಾನವೂ ಬಂದಿತ್ತು. ಸ್ಪರ್ಧೆಗೆ ಒಟ್ಟು ಎಷ್ಟು ಮಾದರಿಗಳು ಬಂದಿದ್ದವು ಎಂದು ನಮ್ಮ ಯಜಮಾನರು ಇವತ್ತಿಗೂ ಕೇಳುತ್ತಾರೆ. ಎರಡು. ಅದಕ್ಕೇನೀಗ?

ಹಾಗಾಗಿ ಕಳೆದ ಚಳಿಗಾಲದ ಆರಂಭದಲ್ಲಿ ಸಾಗರದಿಂದ ಗೆಳತಿ ವನಜಾಕ್ಷಿ ಫೋನು ಮಾಡಿ, "ಲಲಿತಾ, ನಮ್ಮ ಡ್ರೈವರ್ ಶೇಷಪ್ಪಣ್ಣಂಗೆ ಎಂಬತ್ತು ತುಂಬ್ತದಂತೆ ಕಣೆ. ಹಳೇ ಪ್ಯಾಸೆಂಜರೆಲ್ಲ ಸೇರಿ ಹೊಸನಗರಕ್ಕೆ ಹೋಗಿ ಒಂದು ಶಾಲು, ಹಣ್ಣು ಕೊಟ್ಟು ಬರೋಣ ಅಂತ ಮಾತಾಡ್ಕೊಂಡ್ವಿ" ಎಂದಾಗ, ನಾನು ಹಿಂದೆ ಮುಂದೆ ನೋಡದೆ ಹೇಳಿಬಿಟ್ಟೆ.

"ಶಾಲು ಎಲ್ರೂ ಕೊಡ್ತಾರೆ. ನಾನು ಬಸ್ಸನ್ನೇ ಕೊಡ್ತೀನಿ."

"ಯಾವ ಬಸ್ಸೇ?"

"ನಮ್ಮ ಎಂಟೂ ಹತ್ತರ ಬಸ್ಸು! ಅಳತೆ ಪ್ರಕಾರ ಪುಟ್ಟದಾಗಿ ಮರದಲ್ಲಿ ಮಾಡ್ತೀನಿ."

ವನಜಾಕ್ಷಿ, "ಶಾಲೂ ಒಂದು ಇರ್ಲಿ ಬಿಡು" ಎಂದಳು.

ಎಂಟೂ ಹತ್ತರ ಬಸ್ಸು ಎಂದರೆ ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಸಾಗರಕ್ಕೆ ಹೋಗುತ್ತಿದ್ದ ಖಾಸಗಿ ಬಸ್ಸು. ಅದಕ್ಕೊಂದು ದೇವರ ಹೆಸರಿತ್ತು. ಆ ಹೆಸರು ಹಿಡಿದು ಯಾರಾದರೂ ಕರೆದದ್ದು ನನಗೆ ನೆನಪಿಲ್ಲ. ಕೆಳಗೆ ಕಡುನೀಲಿ, ಮೇಲೆ ಕೆನೆಬಣ್ಣ. ಬಾಗಿಲಿಗೆ ಹಗ್ಗ. ಒಳಗೆ ಕಾಲಿಟ್ಟರೆ ಡೀಸೆಲ್, ಊದುಬತ್ತಿ, ಮಲ್ಲಿಗೆ ಮೂರೂ ಸೇರಿದ ಒಂದು ವಾಸನೆ. ಅಂಥ ವಾಸನೆ ಆಮೇಲೆ ನನಗೆ ಎಲ್ಲಿಯೂ ಸಿಗಲಿಲ್ಲ. ಕವಲೇದುರ್ಗದ ಕ್ರಾಸಿನಿಂದ ಸ್ವಲ್ಪ ಮುಂದೆ ನನ್ನ ಶಾಲೆ. ಆಗ ತೀರ್ಥಹಳ್ಳಿಯಲ್ಲೇ ಇದ್ದ ವನಜಾಕ್ಷಿ ಹೊಸನಗರದ ಆಸ್ಪತ್ರೆಯಲ್ಲಿ ನರ್ಸು. ಇಬ್ಬರೂ ಹದಿನೆಂಟು ವರ್ಷ ಅದೇ ಬಸ್ಸಿನಲ್ಲಿ, ಡ್ರೈವರ್ ಹಿಂದಿನ ಮೂರನೇ ಕಿಟಕಿಯ ಪಕ್ಕ ಕೂತು ಹೋಗಿದ್ದೇವೆ. ಮದುವೆಯಾಗಿ ಗಂಡನ ಪಕ್ಕ ಕೂತದ್ದಕ್ಕಿಂತ ಅವಳ ಪಕ್ಕ ಕೂತದ್ದೇ ಹೆಚ್ಚು.

ಬಸ್ಸು ಸ್ಟ್ಯಾಂಡಿನಿಂದ ಹೊರಟು ನಮ್ಮ ಓಣಿಯ ತಲೆಗೆ ಬಂದು ನಿಲ್ಲುತ್ತಿತ್ತು. ಶೇಷಪ್ಪಣ್ಣ ಎರಡು ಸಲ ಚಿಕ್ಕದಾಗಿ ಹಾರ್ನ್ ಹಾಕಿದರೆ "ಬರ್ತಾ ಇದೀರಾ?" ಎಂದರ್ಥ. ಒಂದು ಉದ್ದ ಹಾರ್ನ್ ಎಂದರೆ "ನಾ ಹೊರಟೆ." ಉದ್ದ ಹಾರ್ನ್ ಹಾಕಿಯೂ ಅವರು ಹೊರಡುತ್ತಿರಲಿಲ್ಲ. ನಾನು ಒಂದು ಕೈಯಲ್ಲಿ ಟಿಫಿನ್ನು, ಇನ್ನೊಂದು ಕೈಯಲ್ಲಿ ಸೀರೆಯ ನೆರಿಗೆ ಹಿಡಿದು ಓಡಿ ಬರುವುದನ್ನು ಕನ್ನಡಿಯಲ್ಲಿ ನೋಡುತ್ತಾ ಕೂತಿರುತ್ತಿದ್ದರು. ನನ್ನ ದೊಡ್ಡ ಮಗಳು ಹೊಟ್ಟೆಯಲ್ಲಿದ್ದಾಗ ಅವರು ಪ್ರತಿ ಹೊಂಡಕ್ಕೂ ಬಸ್ಸನ್ನು ಮೊಸರಿನ ಪಾತ್ರೆಯ ಹಾಗೆ ಇಳಿಸಿ ಹತ್ತಿಸುತ್ತಿದ್ದರು. ಹಿಂದಿನ ಸೀಟಿನವರು ಲೇಟಾಯಿತೆಂದು ಕೂಗಿದರೆ, "ಟೀಚರಮ್ಮನ ಹತ್ರ ಇನ್ನೊಂದು ಪ್ಯಾಸೆಂಜರ್ ಇದೆ ಮಾರಾಯ್ರೆ. ನಿದ್ದೆ ಮಾಡ್ತಾ ಇದೆ, ಗಲಾಟೆ ಮಾಡ್ಬೇಡಿ" ಎನ್ನುತ್ತಿದ್ದರು.

ಆ ಬಸ್ಸು ಗುಜರಿಗೆ ಹೋಗಿ ಎಷ್ಟೋ ವರ್ಷವಾಯಿತು. ಶೇಷಪ್ಪಣ್ಣನ ಕಣ್ಣು ಮಂಜಾಗಿ ಲೈಸೆನ್ಸ್ ರಿನ್ಯೂ ಆಗದಿದ್ದಾಗ ಅವರು ಒಂದು ವಾರ ಯಾರ ಹತ್ತಿರವೂ ಮಾತಾಡಲಿಲ್ಲವಂತೆ. ಈಗ ಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳು ತುಂಬಿದ್ದಾರೆ. ಆದರೂ ರಸ್ತೆಯಲ್ಲಿ ಬಸ್ಸು ಹೋದರೆ ಮಾತು ನಿಲ್ಲಿಸಿ, ಗೇರು ಸರಿಯಾಗಿ ಬಿತ್ತೋ ಇಲ್ಲವೋ ಎಂದು ಕಿವಿಗೊಡುತ್ತಾರೆ ಎಂದು ವನಜಾಕ್ಷಿ ಹೇಳಿದಳು. ಅದನ್ನು ಕೇಳಿದ ಮೇಲೆ ನಾನು ಬಸ್ಸು ಮಾಡಿಯೇ ತೀರಬೇಕು ಎಂದು ಪಣ ತೊಟ್ಟೆ.

ಅಳತೆಗೆ ಇದ್ದದ್ದು ಒಂದೇ ಫೋಟೋ. ಶಾಲಾ ಪ್ರವಾಸಕ್ಕೆ ಅದೇ ಬಸ್ಸು ಮಾಡಿಕೊಂಡು ಹೋದಾಗ ತೆಗೆದದ್ದು. ಬಸ್ಸಿನ ಪಕ್ಕ ನಾನು ನಿಂತಿದ್ದೇನೆ. ನನ್ನ ಎತ್ತರ ಐದಡಿ ಒಂದಿಂಚು. ಗಣಿತದ ಟೀಚರಿಗೆ ಇಷ್ಟು ಸಾಕಲ್ಲ! ಆ ಲೆಕ್ಕದಲ್ಲಿ ಬಸ್ಸಿನ ಉದ್ದ, ಅಗಲ, ಎತ್ತರ ಎಲ್ಲ ತೆಗೆದು, ಒಂದಡಿಗೆ ಅರ್ಧ ಇಂಚಿನಂತೆ ನಕ್ಷೆ ಬರೆದೆ. ಬಸ್ಸು ಯಾಕೋ ಗಿಡ್ಡ ಬಂತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದು ನಿವೃತ್ತರಾದ ನಮ್ಮ ಯಜಮಾನರು ಫೋಟೋವನ್ನು ಭೂತಗನ್ನಡಿ ಹಿಡಿದು ಪರಿಶೀಲಿಸಿದರು.

"ಮಾರಾಯ್ತಿ, ಇದ್ರಲ್ಲಿ ನೀನು ಹೈ ಹೀಲ್ಡ್ ಹಾಕಿದೀಯ."

ನಕ್ಷೆ ಮತ್ತೆ ಬರೆದೆ.

ಎರಡು ತಿಂಗಳು ನಮ್ಮ ಊಟದ ಮೇಜು ಬಸ್ ಡಿಪೋ ಆಯಿತು. ಉಳಿದ ಪ್ಲೈವುಡ್ ತುಂಡಿನಲ್ಲಿ ಬಾಡಿ. ಔಷಧಿ ಬಾಟಲಿಯ ಮುಚ್ಚಳಗಳೇ ಚಕ್ರ. ಸ್ವೀಟ್ ಡಬ್ಬಿಯ ಪಾರದರ್ಶಕ ಮುಚ್ಚಳ ಕತ್ತರಿಸಿ ಕಿಟಕಿಯ ಗಾಜು. ಒಳಗೆ ನಲವತ್ತು ಸೀಟು, ಬಾಗಿಲಿಗೆ ದಾರದ ಹಗ್ಗ, ಮುಂದೆ ಡ್ರೈವರ್ ಪಕ್ಕದ ಗಾಜಿಲ್ಲದ ಕಿಟಕಿಯಿಂದ ಬೆರಳು ಹಾಕಿ ಅಲ್ಲಾಡಿಸಬಹುದಾದ ಗೇರ್ ರಾಡು. ಎಲ್ಲ ಮುಗಿದ ದಿನ ಯಜಮಾನರು ಬಸ್ಸನ್ನು ಸುತ್ತಲೂ ತಿರುಗಿಸಿ ನೋಡಿ, "ಪರ್ವಾಗಿಲ್ಲ" ಎಂದರು. ನಮ್ಮ ಮದುವೆಯಾದ ಮೇಲೆ ಅವರು ನನ್ನ ವಿಷಯದಲ್ಲಿ ಆ ಶಬ್ದವನ್ನು ಬಳಸಿದ್ದು ಅದು ಎರಡನೇ ಸಲ. ಮೊದಲನೆಯದು ಹೆಣ್ಣು ನೋಡಲು ಬಂದಾಗ.

ಅಲ್ಲಿಗೆ ನಿಲ್ಲಿಸಿದ್ದರೆ ನಾನು ಇವತ್ತು ಕಲಾವಿದೆ!

ಬಣ್ಣ ಬಾಕಿ ಇತ್ತು. ಕಾರ್ಯಕ್ರಮಕ್ಕೆ ಇನ್ನೂ ಹನ್ನೊಂದು ದಿನ. ನಮ್ಮ ಪಕ್ಕದ ಮನೆಯ ಫೆಲಿಕ್ಸ್ ಪೇಂಟರು. ಮನೆ, ಬೋರ್ಡು, ಲಾರಿ, ಎಲ್ಲದಕ್ಕೂ ಬಣ್ಣ ಹೊಡೆದ ಕೈ. ಕೆಲಸಕ್ಕೆ ಹೊರಟವರು ಕಾಂಪೌಂಡಿನ ಆಚೆಯಿಂದ ಬಸ್ಸು ನೋಡಿ ನಿಂತರು.

"ಭಾರಿ ಚೆನ್ನಾಗಾಗಿದೆ ಟೀಚರಮ್ಮ. ಪೇಂಟ್ ಎಂತದು ಹೊಡೀತೀರಿ? ಏನೇ ಹೊಡೆದ್ರೂ ಮೊದ್ಲು ಒಂದು ಬೇರೆ ತುಂಡಿನ ಮೇಲೆ ಹೊಡೆದು ನೋಡಿ. ಒಂದಕ್ಕೊಂದು ಆಗ್ತದಾ ಇಲ್ವಾ ಅಂತ."

ಮೂವತ್ತೊಂದು ವರ್ಷ ಕರಕುಶಲ ಕಲಿಸಿದವಳಿಗೆ ಬಣ್ಣದ ಪಾಠ! ನಾನು ನಕ್ಕು, "ಆಗ್ಲಿ ಫೆಲಿಕ್ಸ್" ಎಂದು ಕಳಿಸಿದೆ. ಆ ಒಂದು ನಗುವನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಅಟ್ಟದ ಮೇಲೆ ಗೇಟಿಗೆ ತಂದು ಉಳಿದ ನೀಲಿ ಆಯಿಲ್ ಪೇಂಟು, ಕಿಟಕಿಗೆ ತಂದು ಉಳಿದ ಕೆನೆಬಣ್ಣದ ಪೇಂಟು ಇದ್ದವು. ಎರಡನ್ನೂ ಬೇರೆ ಬೇರೆ ಕಲಕಿ, ಕೆಳಗೆ ನೀಲಿ, ಮೇಲೆ ಕೆನೆಬಣ್ಣ ಹೊಡೆದೆ. ಮಾರನೇ ದಿನ ಬೆರಳಿಟ್ಟು ನೋಡಿದರೆ ಅಂಟಲಿಲ್ಲ. ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ, ನನ್ನ ಬೋರ್ಡ್ ಅಕ್ಷರದಲ್ಲಿ, "ತೀರ್ಥಹಳ್ಳಿ - ಹೊಸನಗರ - ಸಾಗರ" ಎಂದು ಬರೆದೆ. ಹಿಂದೆ "ತುರ್ತು ನಿರ್ಗಮನ." ಕಿಟಕಿಯ ಕೆಳಗೆ "ಕೈ, ತಲೆ ಹೊರಗೆ ಹಾಕಬೇಡಿ." ಎಲ್ಲ ಸರಿ, ಹೊಳಪು ಮಾತ್ರ ಸಾಲದೆಂದು ನನಗೆ ಅನ್ನಿಸಿತು. ನಮ್ಮ ಎಂಟೂ ಹತ್ತರ ಬಸ್ಸು ಆಯುಧಪೂಜೆಯ ದಿನ ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿತ್ತು!

ಪೇಟೆಯ ಪೇಂಟ್ ಅಂಗಡಿಯ ಉಮೇಶ ನನ್ನ ಹಳೇ ವಿದ್ಯಾರ್ಥಿ. ಎದ್ದು ನಿಂತ.

"ಬಸ್ಸಿನ ಮೇಲೆ ಹೊಡೀಲಿಕ್ಕೆ ಹೊಳಪಿಂದು ಏನಾದ್ರೂ ಕೊಡೋ. ಬೇಗ ಒಣಗಬೇಕು."

"ಕೆಳಗೆ ಎಂತ ಪೇಂಟ್ ಇದೆ ಟೀಚರ್?"

"ನೀಲಿ."

"ಬಣ್ಣ ಅಲ್ಲ ಟೀಚರ್, ಪೇಂಟು ಯಾವ ನಮೂನೆದು?"

"ಕಡುನೀಲಿ."

ಉಮೇಶ ತಲೆ ಕೆರೆದುಕೊಂಡ. ನಾನು ಏಳನೇ ಕ್ಲಾಸಿನಲ್ಲಿ ಅವನಿಗೆ ಭಿನ್ನರಾಶಿ ಕಲಿಸುವಾಗಲೂ ಅವನು ಹೀಗೆಯೇ ಕೆರೆದುಕೊಳ್ಳುತ್ತಿದ್ದ.

"ಬಸ್ಸು ಎಂತದ್ರದ್ದು ಟೀಚರ್, ತಗಡಾ ಮರನಾ?"

"ಮರ."

"ಮರ ಆದ್ರೆ ಲ್ಯಾಕರ್ ತಗೊಳ್ಳಿ. ಅರ್ಧ ಗಂಟೇಲಿ ಒಣಗಿ ಕನ್ನಡಿ ಆಗ್ತದೆ."

ಅವನು ಹೇಳಿದ್ದು ಬರೀ ಮರದ ವಿಷಯ. ನಾನು ಹೇಳದೆ ಬಿಟ್ಟದ್ದು ಮರದ ಮೇಲಿದ್ದ ಪೇಂಟಿನ ವಿಷಯ. ಹೀಗೆ ಗುರುಶಿಷ್ಯರಿಬ್ಬರೂ ಸೇರಿ ಒಂದು ಬಸ್ಸನ್ನು ಹೊಂಡಕ್ಕೆ ದೂಡಿದೆವು.

ಮನೆಗೆ ಬಂದು ಲ್ಯಾಕರ್ ಹೊಡೆದೆ. ಮೊದಲ ಐದು ನಿಮಿಷ ಸ್ವರ್ಗ. ಹೊಳಪೆಂದರೆ ಹೊಳಪು! ಯಜಮಾನರನ್ನು ಕರೆದು ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಬಗ್ಗಿದರು.

"ಇದು ಅಲ್ಲಾಡ್ತಾ ಇದೆಯಲ್ಲೇ?"

ಹೌದು, ಬಣ್ಣ ಅಲ್ಲಾಡುತ್ತಿತ್ತು. ನೋಡನೋಡುತ್ತಿದ್ದಂತೆ ನೀಲಿ ಪೇಂಟು ಕಾದ ಹಾಲಿನ ಕೆನೆಯಂತೆ ಸುಕ್ಕಾಗಿ, ಎದ್ದು, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಣಿವೆಯಾಯಿತು. ಮಾರ್ಕರ್ ಅಕ್ಷರಗಳು ಕರಗಿ ಕೆಳಗಿಳಿದವು. ಹೊಸನಗರ ಹೋಗಿ ಸಾಗರಕ್ಕೆ ಸೇರಿತು. "ಕೈ, ತಲೆ ಹೊರಗೆ ಹಾಕಬೇಡಿ" ಎಂಬಲ್ಲಿ ಕೊನೆಯ ಶಬ್ದದ 'ಬೇಡಿ' ಕರಗಿ, ಅದರ ಗುಡಿಸು ಮಾತ್ರ ಹಿಂದಿನ 'ಕ'ಕ್ಕೆ ಅಂಟಿ, "ಕೈ, ತಲೆ ಹೊರಗೆ ಹಾಕಿ" ಎಂದು ಪ್ರಯಾಣಿಕರಿಗೆ ಸಲಹೆ ಕೊಡುವಂತಾಯಿತು!

"ಏನೂ ಆಗಿಲ್ಲ," ಎಂದೆ ನಾನು. "ತೆಗೆದು ಮತ್ತೆ ಹೊಡೆದ್ರಾಯ್ತು."

ಥಿನ್ನರ್ ತಂದು ಬಟ್ಟೆ ಅದ್ದಿ ಉಜ್ಜಿದೆ. ಬಣ್ಣ ಅರ್ಧ ಬಂತು, ಅರ್ಧ ಅಲ್ಲೇ ಮೆತ್ತಿಕೊಂಡಿತು. ಆದರೆ ಥಿನ್ನರು ತಗುಲಿದ್ದೇ ತಡ, ಸ್ವೀಟ್ ಡಬ್ಬಿಯ ಗಾಜುಗಳೆಲ್ಲ ಬೆಳ್ಳಗಾದವು. ಹುಲಿಕಲ್ ಘಾಟಿಯ ಮಂಜಿನಲ್ಲಿ ಸಿಕ್ಕಿಕೊಂಡ ಬಸ್ಸಿನಂತೆ ಒಳಗಿನ ಸೀಟೊಂದೂ ಕಾಣದಾಯಿತು. ಮತ್ತೆ ಸ್ವೀಟ್ ಡಬ್ಬಿ ಬೇಕು. ಯಜಮಾನರು ಸಂತೋಷದಿಂದ ಹೋಗಿ ಒಂದು ಕಿಲೋ ಮೈಸೂರು ಪಾಕು ತಂದರು. ಈ ಇಡೀ ಪ್ರಕರಣದಲ್ಲಿ ಲಾಭವಾದದ್ದು ಅವರೊಬ್ಬರಿಗೇ.

ಸುಕ್ಕು ಮುಚ್ಚಲೆಂದು ಈ ಸಲ ನೀಲಿಯನ್ನು ದಪ್ಪಗೆ ಹೊಡೆದೆ, ಕೆಳಗಿನಿಂದ ಮೇಲಿನವರೆಗೂ. ಕೆನೆಬಣ್ಣದ ಡಬ್ಬ ಖಾಲಿಯಾಗಿತ್ತು. ಮೊದಲ ಸಲ ಮೋಸ ಮಾಡಿದ್ದು ಲ್ಯಾಕರ್, ಥಿನ್ನರ್ ಅಲ್ಲವೇ? ನೀರಿನಲ್ಲಿ ಕಲಸುವ ಬಣ್ಣವಾದರೆ ಪಾಪ, ಅದು ಯಾರಿಗೆ ಏನು ಮಾಡೀತು? ಹೀಗೆಂದು ತರ್ಕಿಸಿ, ಮಾರನೇ ದಿನ ಶಾಲೆಯ ಕಾಲದ ಅಕ್ರಿಲಿಕ್ ಟ್ಯೂಬ್ ಹಿಂಡಿ, ಕೆನೆಬಣ್ಣ ಮಾಡಿ, ಮೇಲರ್ಧಕ್ಕೆ ಬಳಿದೆ.

ಬಳಿದರೆ ಹಿಡಿಯಲೇ ಇಲ್ಲ! ಕೆಸುವಿನೆಲೆಯ ಮೇಲೆ ನೀರು ಹಾಕಿದ ಹಾಗೆ ಹನಿಹನಿಯಾಗಿ ಉರುಳಿತು.

"ಎಣ್ಣೆ ಜಿಡ್ಡಿನ ಮೇಲೆ ನೀರು ನಿಲ್ತದನಾ?" ಯಜಮಾನರು ಮೈಸೂರು ಪಾಕು ಮೆಲ್ಲುತ್ತಾ ಕೇಳಿದರು. "ಪಾತ್ರೆ ತೊಳೆಯುವಾಗ ಎಂತ ಮಾಡ್ತೀಯ? ಸ್ವಲ್ಪ ಸೋಪು ಸೇರ್ಸು."

ಸೇರಿಸಿದೆ. ನೊರೆ ಬಂತು! ನೊರೆಯ ಸಮೇತ ಬಣ್ಣ ಹಿಡಿಯಿತು ಕೂಡ. ಸಂಜೆಯ ಹೊತ್ತಿಗೆ ನೊರೆಯ ಗುಳ್ಳೆಗಳು ಒಡೆದು ಸಣ್ಣ ಸಣ್ಣ ತೂತಾಗಿ, ಮಧ್ಯೆ ಮಧ್ಯೆ ಬಿರುಕು ಬಿಟ್ಟು, ನಮ್ಮ ಬಸ್ಸು ಸಿಡುಬು ಎದ್ದವರ ಹಾಗೆ ಕಂಡಿತು. ಯಜಮಾನರು ಡಬ್ಬಿ ಮುಚ್ಚಿಟ್ಟು ವಾಕಿಂಗ್ ಹೊರಟುಹೋದರು.

ಬಸ್ಸನ್ನು ಮುಂದಿಟ್ಟುಕೊಂಡು ಒಬ್ಬಳೇ ಕೂತೆ. ಐದೇ ದಿನ ಉಳಿದಿತ್ತು. ಶಾಲೆಗೆ ಸೇರಿದ ಮೊದಲ ವರ್ಷ, ಜ್ವರದಲ್ಲಿ ಬಸ್ಸು ಹತ್ತಿದ್ದ ನನ್ನನ್ನು ನೋಡಿ ಶೇಷಪ್ಪಣ್ಣ ಶಾಲೆಯ ಹತ್ತಿರ ಇಳಿಯಲು ಬಿಡದೆ ಹೊಸನಗರದವರೆಗೆ ಕರೆದೊಯ್ದು, ಅಲ್ಲಿ ಬಸ್ಸು ನಿಲ್ಲಿಸಿ, ತಾವೇ ಇಳಿದುಹೋಗಿ ವನಜಾಕ್ಷಿಯ ಆಸ್ಪತ್ರೆಯಿಂದ ಮಾತ್ರೆ ತಂದುಕೊಟ್ಟದ್ದು ನೆನಪಾಯಿತು. ನನಗೂ ಅವಳಿಗೂ ಪರಿಚಯವಾದದ್ದೇ ಆ ಮಾತ್ರೆಯಿಂದ. ಅಂಥ ಮನುಷ್ಯನಿಗೆ ನಾನು ಕೊಡಹೊರಟಿರುವುದು ಇದು. ಕಣ್ಣಲ್ಲಿ ನೀರು ಬಂತು. ಥಿನ್ನರಿನ ಘಾಟಿಗೋ ಏನೋ.

ಕೊನೆಗೆ ಮಾನ ಬಿಟ್ಟು ಕಾಂಪೌಂಡಿನ ಹತ್ತಿರ ಹೋಗಿ ಕರೆದೆ. "ಫೆಲಿಕ್ಸ್, ಸ್ವಲ್ಪ ಬಂದು ಹೋಗ್ತೀರಾ?"

ಫೆಲಿಕ್ಸ್ ಬಂದರು. ಬಸ್ಸನ್ನು ನೋಡಿ ಶಿಲುಬೆಯ ಗುರುತು ಮಾಡಿಕೊಳ್ಳಲಿಲ್ಲ ಎಂಬುದೇ ಅವರ ದೊಡ್ಡ ಗುಣ.

"ಹೊಡೆದು ನೋಡಿದ್ರಾ ತುಂಡಿನ ಮೇಲೆ?"

"ಇದೇ ತುಂಡು," ಎಂದೆ.

ಅವರು ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಒಂದನೇ ಕ್ಲಾಸಿನ ಮಗುವಿಗೆ ಹೇಳುವಂತೆ ಹೇಳಿದರು. "ನೋಡಿ ಟೀಚರಮ್ಮ. ಆಯಿಲ್ ಪೇಂಟು ಮೇಲೆ ಒಣಗಿದ ಹಾಗೆ ಕಾಣ್ತದೆ, ಒಳಗೆ ಹಸಿ ಇರ್ತದೆ. ಅದ್ರ ಮೇಲೆ ಲ್ಯಾಕರ್ ಹೊಡೆದ್ರೆ, ಅದ್ರಲ್ಲಿರೋ ಥಿನ್ನರು ಕೆಳಗಿಂದ ಎಬ್ಬಿಸಿಬಿಡ್ತದೆ. ಲ್ಯಾಕರ್ ಕೆಳಗಿದ್ದು ಆಯಿಲ್ ಮೇಲೆ ಬಂದ್ರೆ ತೊಂದ್ರೆ ಇಲ್ಲ. ತಿರುಗಾ ಮುರುಗಾ ಆದ್ರೆ ಮುಗೀತು. ಇನ್ನು ನೀರಿನ ಪೇಂಟು, ಹಸಿ ಆಯಿಲ್ ಮೇಲೆ ಹಿಡಿಯೋದೇ ಇಲ್ಲ. ಹಿಡಿದ್ರೂ ಬಿರೀತದೆ. ಈ ಚಳೀಲಿ ಆಯಿಲ್ ಪೇಂಟು ಗಟ್ಟಿಯಾಗ್ಲಿಕ್ಕೆ ಒಂದು ತಿಂಗಳು ಬಿಡ್ಬೇಕು."

"ಐದು ದಿನ ಇದೆ."

ಫೆಲಿಕ್ಸ್ ನಿಟ್ಟುಸಿರು ಬಿಟ್ಟು ಬಸ್ಸನ್ನು ಎತ್ತಿಕೊಂಡು ಹೋದರು. ಎರಡು ದಿನ ತಮ್ಮ ಕೆಲಸ ಬಿಟ್ಟು, ನನ್ನ ಮೂರು ಪದರ ಪಾಪವನ್ನೂ ಉಜ್ಜುಕಾಗದದಲ್ಲಿ ಉಜ್ಜಿ ತೆಗೆದು, ಮರದ ಮೇಲೆ ಹೊಸದಾಗಿ ತೆಳ್ಳಗೆ ಒಂದೇ ಕೈ ನೀಲಿ, ಒಂದೇ ಕೈ ಕೆನೆಬಣ್ಣ ಹೊಡೆದರು. ಮೈಸೂರು ಪಾಕಿನ ಡಬ್ಬಿಯಿಂದ ಹೊಸ ಗಾಜು ಕೂರಿಸಿದರು. ಇರುವೆಯ ಕಾಲಿನಷ್ಟು ತೆಳು ಬ್ರಶ್ಶಿನಲ್ಲಿ ಊರಿನ ಹೆಸರುಗಳನ್ನು ಬರೆದರು. ಶನಿವಾರ ಬೆಳಿಗ್ಗೆ ತಂದು ಮೇಜಿನ ಮೇಲಿಟ್ಟರು. ಅದೇ ಬಸ್ಸು! ಈಗ ಹಾರ್ನ್ ಹಾಕುತ್ತದೆ, ನಾನು ಸೀರೆ ಎತ್ತಿಕೊಂಡು ಓಡಬೇಕು, ಅನ್ನಿಸಿತು.

"ಇನ್ನು ಇದಕ್ಕೆ ಎಂತದೂ ಹೊಡೀಬೇಡಿ ಟೀಚರಮ್ಮ," ಎಂದರು ಫೆಲಿಕ್ಸ್. ಗೇಟಿನ ತನಕ ಹೋದವರು ತಿರುಗಿ ಬಂದು ಮತ್ತೊಂದು ಸಲ ಹೇಳಿದರು. "ಎಂತದೂ."

ನಾನು ಹೊಡೆಯುತ್ತಿರಲಿಲ್ಲ, ದೇವರಾಣೆ. ಆದರೆ ಮಧ್ಯಾಹ್ನದ ಬಿಸಿಲಿನಲ್ಲಿ ನೋಡಿದಾಗ ನೀಲಿಯ ಮೇಲೆ ಸ್ವಲ್ಪ ಮಬ್ಬು ಕಂಡಿತು. ಫೆಲಿಕ್ಸ್ ಏನು ಹೇಳಿದ್ದು? ಆಯಿಲ್ ಮೇಲೆ ಲ್ಯಾಕರ್ ಆಗದು, ನೀರು ಆಗದು. ಆಯಿಲ್ ಮೇಲೆ ಆಯಿಲ್ಲೇ ಆದರೆ? ಅಟ್ಟದ ಮೇಲೆ ಮುಂಬಾಗಿಲಿಗೆ ತಂದಿದ್ದ ವಾರ್ನಿಶ್ ಡಬ್ಬಿ ಇತ್ತು. ಅದೂ ಆಯಿಲ್ಲಿನದೇ! ಪಾಠವನ್ನು ನಾನು ಎಷ್ಟು ಚೆನ್ನಾಗಿ ಅರ್ಥಮಾಡಿಕೊಂಡಿದ್ದೆ ನೋಡಿ.

ಮುಚ್ಚಳ ತೆಗೆದರೆ ಮೇಲೊಂದು ಚರ್ಮ, ಅಡಿಯಲ್ಲಿ ಜೋನಿಬೆಲ್ಲದಂಥ ಪಾಕ. ಆ ಡಬ್ಬಿಯ ವಯಸ್ಸು ನಮ್ಮ ಮುಂಬಾಗಿಲಿನಷ್ಟೇ. ಚರ್ಮ ಸರಿಸಿ, ಕಲಕಿ, ಒಂದೇ ಒಂದು ಕೈ ಬಳಿದೆ. ಕೆನೆಬಣ್ಣ ಹೋಗಿ ಸಾಸಿವೆ ಬಣ್ಣ ಬಂತು. ಅದಾದರೂ ಒಣಗಿತೇ? ಎರಡು ಗಂಟೆ, ಮೂರು ಗಂಟೆ, ನಾಲ್ಕು ಗಂಟೆ. ಬೆರಳಿಟ್ಟರೆ ಬೆರಳಿನ ಜೊತೆ ಬಸ್ಸೂ ಎದ್ದು ಬರುತ್ತಿತ್ತು!

"ಬಿಸಿಗೆ ಬೇಗ ಒಣಗ್ತದೆ," ಎಂದು ಯಜಮಾನರು ವಿಜ್ಞಾನ ಹೇಳಿದರು. "ಬಚ್ಚಲ ಒಲೆ ಹತ್ರ ಸ್ವಲ್ಪ ಹೊತ್ತು ಇಡು."

ಇಟ್ಟೆ. ಅಷ್ಟು ಹೊತ್ತಿಗೆ ವನಜಾಕ್ಷಿಯ ಫೋನು. ನಾಳೆ ಯಾರು ಯಾರು ಬರುತ್ತಾರೆ, ಊಟಕ್ಕೆ ಏನು, ನಾನು ಯಾವ ಸೀರೆ ಉಡುತ್ತೇನೆ. "ಬಸ್ಸು ಹೇಗೆ ಬಂದಿದೆ?" ಎಂದು ಕೇಳಿದಳು. "ನೋಡಿದ್ರೆ ನೀನು ಅತ್ತೇ ಬಿಡ್ತೀಯ," ಎಂದೆ. ಆ ಮಾತೊಂದು ಮಾತ್ರ ನಿಜವಾಯಿತು. ಮಾತು ಮುಗಿಸಿ ಬಚ್ಚಲಿಗೆ ಓಡಿದರೆ ಎಡಗಡೆಯ ಬಣ್ಣ ಪೂರಾ ಗುಳ್ಳೆ ಎದ್ದು, ಸೀದ ಹಪ್ಪಳದಂತೆ ಕಂದಾಗಿತ್ತು. ಹಿಂದಿನ ಚಕ್ರ ಮೆತ್ತಗಾಗಿ ಬಸ್ಸು ಒಂದು ಕಡೆ ವಾಲಿತ್ತು. ಒಲೆಯ ಬೂದಿ ಹಾರಿ ಟಾಪಿನ ಮೇಲೆ ಕೂತಿತ್ತು. ವಾರ್ನಿಶ್ ಮಾತ್ರ ಒಣಗಿರಲಿಲ್ಲ.

ಯಜಮಾನರು ಬಂದು ನೋಡಿದರು. ಮೆಲ್ಲಗೆ, "ಶಾಲು ಇದೆಯಲ್ಲ," ಎಂದರು.

ಭಾನುವಾರ ಬೆಳಿಗ್ಗೆ ಬಸ್ಸನ್ನು ಹಳೇ ಪೇಪರಿನಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಫೆಲಿಕ್ಸ್ ಮನೆಯ ಕಡೆ ಮುಖ ಹಾಕದೆ ಹೊರಟೆವು. ಹೊಸನಗರದ ಶೇಷಪ್ಪಣ್ಣನ ಮನೆಯಲ್ಲಿ ಹದಿನೈದಿಪ್ಪತ್ತು ಜನ ಸೇರಿದ್ದರು. ಎಲ್ಲರ ತಲೆಯೂ ನೆರೆತಿತ್ತು. ಆದರೆ ಯಾರು ಎಲ್ಲಿ ಹತ್ತುತ್ತಿದ್ದರು, ಯಾರು ಕಿಟಕಿಗೆ ಜಗಳವಾಡುತ್ತಿದ್ದರು ಎನ್ನುವುದನ್ನು ಒಬ್ಬರೂ ಮರೆತಿರಲಿಲ್ಲ. ಶೇಷಪ್ಪಣ್ಣ ಬಿಳಿ ಅಂಗಿ ಹಾಕಿ, ದಪ್ಪ ಕನ್ನಡಕದಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಶಾಲು ಹೊದೆಸಿದೆವು. ಹಣ್ಣು ಕೊಟ್ಟೆವು. ಅಲ್ಲಿಗೆ ಮುಗಿದರೆ ಸಾಕೆಂದು ನಾನು ಪೆಟ್ಟಿಗೆಯನ್ನು ಕಾಲಿನಿಂದ ಬೆಂಚಿನ ಕೆಳಗೆ ತಳ್ಳಿದೆ.

"ಈಗ ನಮ್ಮ ಲಲಿತಾ ಟೀಚರ್ ಕಡೆಯಿಂದ ಒಂದು ವಿಶೇಷ ಉಡುಗೊರೆ!" ವನಜಾಕ್ಷಿ ಘೋಷಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಪೆಟ್ಟಿಗೆ ತೆರೆದು ಪೇಪರು ಬಿಡಿಸಲು ಹೋದರೆ ಪೇಪರು ಬಿಡಲಿಲ್ಲ. ಎಳೆದಷ್ಟು ಹರಿಯಿತು. ಹರಿದಲ್ಲೆಲ್ಲ ಅದರ ಅಚ್ಚು ಬಸ್ಸಿನ ಮೈಗೆ ಹತ್ತಿ ಉಳಿಯಿತು. ಸಾಸಿವೆ ಬಣ್ಣದ ಮೇಲೆ ಉಲ್ಟಾ ಅಕ್ಷರಗಳಲ್ಲಿ, ಸಾಲಾಗಿ, ಆ ವಾರದ ಅಡಿಕೆ ಧಾರಣೆ!

ವನಜಾಕ್ಷಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಗು ತಡೆಯಲಾರದೆ ಅತ್ತದ್ದು ಎಂದು ಆಮೇಲೆ ಗೊತ್ತಾಯಿತು.

"ಕೊಡಿ ಇಲ್ಲಿ," ಎಂದು ಶೇಷಪ್ಪಣ್ಣ ಎರಡೂ ಕೈ ಚಾಚಿದರು.

"ಶೇಷಪ್ಪಣ್ಣ, ಅದು ಇನ್ನೂ ಒಣಗಿಲ್ಲ, ಮುಟ್ಬೇಡಿ."

ಅವರು ಅದಾಗಲೇ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಕಣ್ಣಿನ ಹತ್ತಿರ ಹಿಡಿದರು. ಬೆರಳು ಮುಂದಿನ ಬಾಗಿಲ ದಾರ ತಡಕಿತು, ಕಿಟಕಿಗಳ ಮೇಲೆ ಒಂದೊಂದಾಗಿ ಹೋಯಿತು, ಮೂರನೇ ಕಿಟಕಿಯ ಹತ್ತಿರ ನಿಂತಿತು. "ಇಲ್ಲಿ ನೀವಿಬ್ರು," ಎಂದರು. ಆಮೇಲೆ ಬೆರಳು ಮುಂದೆ ಬಂದು ಗೇರ್ ರಾಡಿಗೆ ತಾಗಿತು.

"ಗೇರು ಬೀಳ್ತದೆ!"

ತೋರುಬೆರಳಿನ ತುದಿಯಿಂದ ಮೆಲ್ಲಗೆ ಮುಂದೆ ತಳ್ಳಿದರು. ಹಿಂದೆಳೆದರು. ಗಂಟಲಲ್ಲೇ ಸಣ್ಣಗೆ ಇಂಜಿನ್ನಿನ ಸದ್ದು. ಎಡಗಾಲು ನೆಲದ ಮೇಲೆ ಕ್ಲಚ್ಚು ಒತ್ತುತ್ತಿತ್ತು. ಎಡಕ್ಕೆ ಸ್ವಲ್ಪ ವಾಲಿದರು. ಅಲ್ಲಿದ್ದವರಿಗೆಲ್ಲ ಗೊತ್ತಾಯಿತು, ಕವಲೇದುರ್ಗದ ಕ್ರಾಸು ಬಂತು ಎಂದು. ನನ್ನ ಪಕ್ಕ ಕೂತಿದ್ದ ವನಜಾಕ್ಷಿಯೂ ಎಡಕ್ಕೆ ವಾಲಿದ್ದಳು. ನಾನೂ. ಅವರ ಹೆಂಡತಿ ಗಿರಿಜಕ್ಕ ಪಾಯಸದ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು. ಕ್ರಾಸಿನ ಇಳಿಜಾರು ಮುಗಿಯುವ ತನಕ ಯಾರೂ ಡ್ರೈವರನ್ನು ಮಾತಾಡಿಸಲಿಲ್ಲ.

ಊಟಕ್ಕೆ ಎಬ್ಬಿಸುವಾಗ ಬಸ್ಸು ಅವರ ಹೊಸ ಶಾಲಿಗೆ ಅಂಟಿಕೊಂಡಿತ್ತು. ಗಿರಿಜಕ್ಕ ಎಣ್ಣೆ ಹಚ್ಚಿ ಬಿಡಿಸಿದರು.

ಮೊನ್ನೆ ಮದುವೆಯೊಂದಕ್ಕೆಂದು ಹೊಸನಗರಕ್ಕೆ ಹೋದಾಗ ಅವರ ಮನೆಗೂ ಹೋಗಿದ್ದೆ. ಬಸ್ಸು ಟೀವಿಯ ಪಕ್ಕದಲ್ಲಿ, ಎಲ್ಲರಿಗೂ ಕಾಣುವ ಜಾಗದಲ್ಲಿತ್ತು. ನೋಡಿ ಹೆಮ್ಮೆಯಾಯಿತು. ಶೇಷಪ್ಪಣ್ಣ ಮಾತ್ರ ಏನೋ ಹೇಳಲು ಹಿಂದೆ ಮುಂದೆ ನೋಡುತ್ತಿದ್ದರು.

"ಟೀಚರಮ್ಮ, ಬೇಜಾರು ಮಾಡ್ಕೋಬೇಡಿ, ಒಂದು ಮಾತು. ನನ್ನ ಇಡೀ ಸರ್ವೀಸಲ್ಲಿ ಬಸ್ಸಿಗೆ ಒಂದು ಗೀರು ಬಿದ್ದಿಲ್ಲ. ಈಗ ಮನೆಗೆ ಬಂದೋರೆಲ್ಲ ಇದನ್ನ ನೋಡಿ, 'ಪಾಪ, ಇದು ಯಾವಾಗ ಆದ ಆಕ್ಸಿಡೆಂಟು? ಬೆಂಕಿ ಹೆಂಗೆ ಹತ್ತಿದ್ದು? ಜನಕ್ಕೆ ಏನೂ ಆಗ್ಲಿಲ್ವಾ?' ಅಂತ ಕೇಳ್ತಾರೆ."

ನಾನು ತಲೆ ತಗ್ಗಿಸಿದೆ. "'ಇದರಲ್ಲಿ ಡ್ರೈವರ್ ತಪ್ಪೇನೂ ಇಲ್ಲ' ಅಂತ ಒಂದು ಚೀಟಿ ಬರೆದು ಕೊಡ್ತೀನಿ ಶೇಷಪ್ಪಣ್ಣ. ಗೋಂದು ಇದ್ರೆ ಕೊಡಿ, ನಾನೇ ಅಂಟಿಸಿ ಹೋಗ್ತೀನಿ."

"ಗೋಂದು ಬೇಡ," ಎಂದರು ಶೇಷಪ್ಪಣ್ಣ. "ಚೀಟಿ ಹತ್ರ ಹಿಡೀರಿ ಸಾಕು. ಅದೇ ಹಿಡ್ಕೊಳ್ತದೆ."